ಕತ್ತಲರಾಯನ ತೂಕ

ಪಾರ್ಕಿನಲ್ಲಿ ಅವರನ್ನು ಎಲ್ಲರೂ ತಕ್ಕಡಿಯಣ್ಣ ಎಂದೇ ಕರೆಯುತ್ತಿದ್ದರು. ಕೊರಳಲ್ಲಿ ತೂಗುವ ಗುರುತಿನ ಚೀಟಿಯಲ್ಲಿ 'ಹಗ್ಗದ ಮೇಲ್ವಿಚಾರಕರು' ಎಂದಿತ್ತು, ಆದರೆ ಅದನ್ನು ಓದುವ ಗೋಜಿಗೆ ಯಾರೂ ಹೋಗಿರಲಿಲ್ಲ. ಐವತ್ತೆಂಟು ವರ್ಷ, ಸಣಕಲು ಮೈ, ಮೂಗಿನ ತುದಿಗೆ ಜಾರಿದ ಕನ್ನಡಕ, ಜೇಬಿನಲ್ಲಿ ಒಂದು ಪೆನ್ಸಿಲು ಮತ್ತು ಒಂದು ಸ್ಟಾಪ್‌ವಾಚು. ಇಪ್ಪತ್ತೊಂದು ವರ್ಷಗಳಿಂದ ಅವರದು ಒಂದೇ ಕೆಲಸ: ಇಬ್ಬರು ಮನುಷ್ಯರನ್ನು ಮೇಲಕ್ಕೆ ಹಾರಿಸುವುದು, ಕೆಳಕ್ಕೆ ಇಳಿಸುವುದು.

ಒಬ್ಬ ಸಿಡಿಲವೀರ, ಇನ್ನೊಬ್ಬ ಕತ್ತಲರಾಯ. ಪಾರ್ಕಿನ ಹಿಂಭಾಗದ ಬಯಲು ರಂಗಮಂದಿರದಲ್ಲಿ ಸೋಮವಾರ ಬಿಟ್ಟು ದಿನಕ್ಕೆ ನಾಲ್ಕು ಆಟ. ಕತ್ತಲರಾಯ ಊರಿನ ದೀಪಗಳನ್ನೆಲ್ಲ ಕದಿಯುತ್ತಾನೆ. ಸಿಡಿಲವೀರ ಹಾರಿ ಬಂದು, ಮೂರಂತಸ್ತಿನ ಕಟ್ಟಡದ ಅಂಚಿನಲ್ಲಿ ಅವನಿಗೆ ಒಂದು ಗುದ್ದು ಕೊಟ್ಟು ಕೆಡವುತ್ತಾನೆ. ದೀಪಗಳು ಮತ್ತೆ ಹತ್ತುತ್ತವೆ, ಮಕ್ಕಳು ಕೂಗುತ್ತಾರೆ. ಎಲ್ಲ ಸೇರಿ ಇಪ್ಪತ್ತೈದು ನಿಮಿಷ. ಕಟ್ಟಡ ಬರೀ ಹಲಗೆಯದು. ಬೀಳುವ ಒಂಬತ್ತು ಮೀಟರು ಮಾತ್ರ ನಿಜವಾದ ಒಂಬತ್ತು ಮೀಟರು.

ಬೀಳುವವನಿಗೆ ಏನೂ ಆಗದಂತೆ ಬೀಳಿಸುವುದೇ ತಕ್ಕಡಿಯಣ್ಣನ ವಿದ್ಯೆ. ಕತ್ತಲರಾಯನ ಸೊಂಟಪಟ್ಟಿಗೆ ಸಿಕ್ಕಿಸಿದ ತೆಳ್ಳನೆಯ ಉಕ್ಕಿನ ಹಗ್ಗ ಮೇಲಿನ ರಾಟೆಯನ್ನು ದಾಟಿ ಕಟ್ಟಡದ ಹಿಂದಕ್ಕೆ ಇಳಿಯುತ್ತದೆ. ಅದರ ಇನ್ನೊಂದು ತುದಿಗೆ ಎರಡೆರಡು ಕಿಲೋದ ಕಬ್ಬಿಣದ ಬಿಲ್ಲೆಗಳು. ಬಿಲ್ಲೆಗಳ ಒಟ್ಟು ಭಾರ ಮನುಷ್ಯನ ಭಾರಕ್ಕಿಂತ ಹನ್ನೆರಡು ಕಿಲೋ ಕಡಿಮೆ ಇರಬೇಕು. ಆಗ ಅವನು ಒಂಬತ್ತು ಮೀಟರು ಇಳಿಯಲು ಐದು ಸೆಕೆಂಡು ತೆಗೆದುಕೊಳ್ಳುತ್ತಾನೆ, ನೆಲ ಮುಟ್ಟಿದಾಗ ಸ್ಟೂಲಿನ ಮೇಲಿಂದ ಜಿಗಿದಷ್ಟೇ ಪೆಟ್ಟಾಗುತ್ತದೆ. ಸಂಗೀತದಲ್ಲಿ ಗುದ್ದಿನ ಸದ್ದಾಗಿ ಐದು ಸೆಕೆಂಡಿಗೆ ಒಂದು ದೊಡ್ಡ ಡೋಲು ಬಡಿಯುತ್ತದೆ. ಕತ್ತಲರಾಯನ ಬೆನ್ನು ಆ ಡೋಲಿನ ಜೊತೆಗೇ ನೆಲಕ್ಕೆ ತಾಗಬೇಕು.

ಆದ್ದರಿಂದ ದಿನಾ ಬೆಳಗ್ಗೆ ತೂಕ. ರಂಗದ ಹಿಂದಿನ ಇಕ್ಕಟ್ಟಾದ ಓಣಿಯಲ್ಲಿ, ಗೋದಾಮುಗಳಲ್ಲಿ ಮೂಟೆ ತೂಗಲು ಇಡುತ್ತಾರಲ್ಲ, ಅಂಥ ಹಳೆಯ ಹಲಗೆ ತಕ್ಕಡಿ ಇತ್ತು. ವೇಷ, ಬೂಟು, ಸೊಂಟಪಟ್ಟಿ ಎಲ್ಲ ಧರಿಸಿ ಹಲಗೆ ಹತ್ತಬೇಕು. ತಕ್ಕಡಿಯಣ್ಣ ಮುಂದೆ ನಿಂತು, ದಂಡದ ಮೇಲೆ ಜಾರುವ ಗುಂಡನ್ನು ಮೊದಲು ಹಿಂದಿನ ದಿನದ ಅಂಕಿಗೆ ತಂದಿಡುತ್ತಿದ್ದರು. ಆಮೇಲೆ ದಂಡದ ತುದಿ ನಿಲ್ಲುವವರೆಗೆ ಅದನ್ನೇ ನೋಡುತ್ತಿದ್ದರು. ಅಂಕಿಯನ್ನು ಗಟ್ಟಿಯಾಗಿ ಓದಿ, ಪುಸ್ತಕದಲ್ಲಿ ಬರೆದು, ಸಹಿ ಹಾಕುತ್ತಿದ್ದರು. ಸಿಡಿಲವೀರ ಎಪ್ಪತ್ತೊಂದು, ಕತ್ತಲರಾಯ ಎಪ್ಪತ್ತೆಂಟು. ಒಂದು ಸೀಸನ್ನಿನಲ್ಲಿ ಐದು ಕಿಲೋಗಿಂತ ಹೆಚ್ಚು ಇಳಿದವನನ್ನು ಡಾಕ್ಟರು ಒಪ್ಪುವವರೆಗೆ ಹಗ್ಗಕ್ಕೆ ಕಟ್ಟಬಾರದು ಎಂದು ಪಾರ್ಕಿನ ನಿಯಮ. ಇಪ್ಪತ್ತೊಂದು ವರ್ಷದಲ್ಲಿ ಆ ನಿಯಮದ ಅಗತ್ಯ ಒಮ್ಮೆಯೂ ಬಿದ್ದಿರಲಿಲ್ಲ.

ವೀರನೂ ರಾಯನೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ವೈರ ಅದಕ್ಕಿಂತ ಹಳೆಯದು. ಇಬ್ಬರೂ ಒಂದೇ ದಿನ, ಒಂದೇ ಪಾತ್ರ ಕೇಳಿಕೊಂಡು ಬಂದವರು. ಆಗ ಪಾರ್ಕಿನಲ್ಲಿ ವೀರನ ಅಂಗಿ ಒಂದೇ ಒಂದು ಹೊಲಿಸಿಟ್ಟದ್ದಿತ್ತು. ಒಬ್ಬನಿಗೆ ಅದು ಸರಿಹೋಯಿತು, ಇನ್ನೊಬ್ಬನಿಗೆ ಭುಜದಲ್ಲಿ ಎರಡಂಗುಲ ಸಾಲಲಿಲ್ಲ. "ಎರಡಂಗುಲ ಬಟ್ಟೆ ಇದ್ದಿದ್ರೆ ನಾನೂ ಒಳ್ಳೆಯವನಾಗಿರ್ತಿದ್ದೆ" ಎಂದು ಕತ್ತಲರಾಯ ಹೊಸದಾಗಿ ಸೇರಿದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ಆಟದಲ್ಲಿ ಗುದ್ದು ನಿಜವಾಗಿಯೇ ತಾಗಿ ಅವನ ಮುಂದಿನ ಹಲ್ಲು ಹೋಯಿತು. ಬೇಕೆಂದೇ ಹೊಡೆದ ಎಂದು ಇವನು, ತಲೆ ತಡವಾಗಿ ತಿರುಗಿಸಿದ ಎಂದು ಅವನು. ಅಲ್ಲಿಂದ ಮುಂದೆ ಒಂದೇ ಕೋಣೆ, ಒಂದೇ ಕನ್ನಡಿ, ಮಾತಿಲ್ಲ. ಹೇಳುವುದೆಲ್ಲ ತಕ್ಕಡಿಯಣ್ಣನ ಮೂಲಕ. ಫ್ಯಾನು ನಿಲ್ಲಿಸಬೇಕಂತೆ ಅಂತ ಅವನಿಗೆ ಹೇಳಿ, ಬೂಟು ಕಾಲಿಗೆ ಸಿಗೋ ಹಾಗೆ ಬಿಡಬಾರದಂತೆ ಅಂತ ಇವನಿಗೆ ಹೇಳಿ. ಮೂರಡಿ ದೂರದಲ್ಲಿ ಕೂತವರ ನಡುವೆ ಮಾತು ಸಾಗಿಸಿ ಸಾಗಿಸಿ ತಕ್ಕಡಿಯಣ್ಣನಿಗೆ ಸಾಕಾಗಿತ್ತು. ಕಟ್ಟಡದ ಐವತ್ತೆರಡು ಮೆಟ್ಟಿಲಿನಷ್ಟೇ ಮಂಡಿ ನೋವು ಅದರಿಂದಲೂ ಬರುತ್ತದೆ ಎಂದು ಮನೆಯಲ್ಲಿ ಹೇಳುತ್ತಿದ್ದರು.

ಆ ಸೀಸನ್ನಿನ ಎರಡನೆಯ ತಿಂಗಳಲ್ಲಿ ಡೋಲು ಮೊದಲು, ಬೆನ್ನು ಆಮೇಲೆ ಆಗತೊಡಗಿತು.

ಮೊದಲಿಗೆ ಅರ್ಧ ಸೆಕೆಂಡು. ಬೇರೆ ಯಾರಿಗೂ ಗೊತ್ತಾಗುವಷ್ಟಲ್ಲ. ತಕ್ಕಡಿಯಣ್ಣ ಸ್ಟಾಪ್‌ವಾಚು ಹಿಡಿದು ನಾಲ್ಕು ಆಟ ನೋಡಿದರು, ಬೆಳಗಿನ ಅಂಕಿ ನೋಡಿದರು. ಎಪ್ಪತ್ತೆಂಟು ಎಪ್ಪತ್ತೆಂಟೇ ಇತ್ತು. ಮನುಷ್ಯನ ಭಾರ ಅಷ್ಟೇ, ಬಿಲ್ಲೆಗಳ ಭಾರ ಅಷ್ಟೇ, ಆದರೂ ಇಳಿಯುವುದು ನಿಧಾನ ಎಂದರೆ ನಡುವೆ ಇರುವ ರಾಟೆ ಬಿಗಿಯಾಗಿದೆ ಎಂದೇ ಅರ್ಥ. ರಾಟೆಗೆ ಎಣ್ಣೆ ಬಿಟ್ಟರು. ಹದಿನೈದು ದಿನಕ್ಕೆ ಮತ್ತೆ ತಡ. ಒಂದು ಬಿಲ್ಲೆ ತೆಗೆದರು, ಸರಿಹೋಯಿತು. ಇನ್ನೆರಡು ವಾರಕ್ಕೆ ಮತ್ತೊಂದು. ಹೀಗೆ ಐದನೆಯ ತಿಂಗಳ ಹೊತ್ತಿಗೆ ಐದು ಬಿಲ್ಲೆ, ಹತ್ತು ಕಿಲೋ ಹೋಗಿತ್ತು. ಹತ್ತು ಕಿಲೋ ತಿನ್ನುವ ರಾಟೆಯನ್ನು ಅವರು ಕಂಡಿರಲಿಲ್ಲ. ಹೊಸ ರಾಟೆ ಬೇಕೆಂದು ಮ್ಯಾನೇಜರಿಗೆ ಮೂರು ಸಲ ಬರೆದುಕೊಟ್ಟರು. ನಾಲ್ಕನೆಯ ಸಲ ಬರೆಯುವ ಮೊದಲು, ಒಂದು ಭಾನುವಾರ, ರಾಟೆ ಬಂತು.

ಮೂರನೆಯ ಆಟ ಮುಗಿದ ಮೇಲೆ ಅದನ್ನು ಕೂರಿಸಿದರು. ಎಪ್ಪತ್ತೆಂಟು ಕಿಲೋ ಮರಳಿನ ಚೀಲ ಕಟ್ಟಿ, ಅರವತ್ತಾರು ಕಿಲೋ ಬಿಲ್ಲೆ ಹಾಕಿ ಬಿಟ್ಟು ನೋಡಿದರು. ಐದು ಸೆಕೆಂಡು. ಮತ್ತೆ ಬಿಟ್ಟರು, ಐದು ಸೆಕೆಂಡು. ತೆಗೆದಿಟ್ಟಿದ್ದ ಐದು ಬಿಲ್ಲೆಗಳು ಹೀಗೆ ತಮ್ಮ ಜಾಗಕ್ಕೆ ಮರಳಿದವು. ನಾಲ್ಕು ತಿಂಗಳಲ್ಲಿ ಅಂದೇ ಮೊದಲ ಸಲ ಅವರಿಗೆ ಸ್ವಲ್ಪ ಸಮಾಧಾನವಾದದ್ದು.

ನಾಲ್ಕನೆಯ ಆಟದಲ್ಲಿ ಸಿಡಿಲವೀರ ಗುದ್ದಿದ. ಕತ್ತಲರಾಯ ಕಿರುಚುತ್ತಾ ಅಂಚಿನಿಂದ ಹಿಂದಕ್ಕೆ ಹಾರಿದ. ಎಂದಿನಂತೆ ಸಿಡಿಲವೀರ ತನ್ನ ಹಗ್ಗದಲ್ಲಿ ಸರ್ರನೆ ಕೆಳಗಿಳಿದು, ಸೊಂಟದ ಮೇಲೆ ಕೈಯಿಟ್ಟು ನಿಂತ. ಡೋಲು ಬಡಿಯಿತು. ಬೆನ್ನಿನ ಸದ್ದು ಬರಲಿಲ್ಲ. ತಕ್ಕಡಿಯಣ್ಣ ಕಟ್ಟಡದ ಸಂದಿಯಿಂದ ಇಣುಕಿದರು. ಕತ್ತಲರಾಯ ನೆಲದಿಂದ ಎರಡಾಳೆತ್ತರದಲ್ಲಿ, ಕಪ್ಪು ನಿಲುವಂಗಿ ಇಳಿಬಿಟ್ಟುಕೊಂಡು, ಒಗೆದು ಹರವಿದ ಬಟ್ಟೆಯ ಹಾಗೆ ನೇತಾಡುತ್ತಿದ್ದ. ಕಾಲು ಝಾಡಿಸಿದ. ಒಂದು ಗೇಣು ಇಳಿದ, ಮತ್ತೆ ನಿಂತ.

ಮಕ್ಕಳು ನಗತೊಡಗಿದರು. ಬೀಳಲು ಬಾರದ ಖಳನಾಯಕನನ್ನು ಅವರು ಕಂಡಿರಲಿಲ್ಲ. ತಕ್ಕಡಿಯಣ್ಣನ ಕೈ ಬ್ರೇಕಿನ ಹಿಡಿಯ ಮೇಲಿತ್ತು. ಆದರೆ ಅದು ತಡೆಯುವ ಹಿಡಿ, ಇಳಿಸುವ ಹಿಡಿಯಲ್ಲ. ಬಿಲ್ಲೆಗಳು ಆಗಲೇ ಕೈಗೆಟುಕದಷ್ಟು ಮೇಲೆ ಹೋಗಿದ್ದವು.

ಆಗ ಸಿಡಿಲವೀರ ಆಟದಲ್ಲಿ ಇಲ್ಲದ ಒಂದು ಕೆಲಸ ಮಾಡಿದ. ರಂಗದ ಮೇಲಿದ್ದ ಜಜ್ಜಿದ ಕಾರಿನ ನೆತ್ತಿಗೆ ಹತ್ತಿ, ಮೇಲಕ್ಕೆ ಹಾರಿ, ಕತ್ತಲರಾಯನ ಬೂಟುಗಳನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದ. ಇಬ್ಬರೂ ಮೆಲ್ಲಗೆ ಕೆಳಗಿಳಿದರು. ಕಾರಿನ ಮೇಲೆ ಕಾಲೂರಿದ ಮೇಲೂ ಅವನು ಬಿಡಲಿಲ್ಲ, ಸೊಂಟಕ್ಕೆ ಕೈ ಹಾಕಿ ನೆಲದವರೆಗೆ ತಂದು ಮಲಗಿಸಿದ. ಕೊರಳಿನ ಮೈಕು ತೆರೆದೇ ಇತ್ತು.

"ಬೀಳೋದಕ್ಕೂ ನನ್ನ ಕೈಯೇ ಬೇಕಾಯ್ತೇನೋ, ಕತ್ತಲರಾಯ?"

ರಂಗಮಂದಿರವೆಲ್ಲ ಚಪ್ಪಾಳೆ. ದೀಪಗಳು ಹತ್ತಿದವು. ಅದೂ ಆಟದ ಭಾಗವೇ ಎಂದುಕೊಂಡು ಜನ ಎದ್ದುಹೋದರು. ಮ್ಯಾನೇಜರು ಮಾತ್ರ ಹಿಂದೆ ಬಂದು, ಹೊಸ ರಾಟೆ ಕೂರಿಸಲು ಬಾರದಿದ್ದರೆ ಮೊದಲೇ ಹೇಳಬಹುದಿತ್ತು ಎಂದು ಮೆತ್ತಗೆ ಹೇಳಿಹೋದರು. ತಕ್ಕಡಿಯಣ್ಣ ಬಿಲ್ಲೆಗಳನ್ನು ಮತ್ತೊಮ್ಮೆ ಎಣಿಸಿದರು.

ಸೋಮವಾರ ರಜೆ. ಅವರು ಬೆಳಗ್ಗೆಯೇ ಪಾರ್ಕಿಗೆ ಹೋಗಿ ಹಳೆಯ ರಾಟೆಯನ್ನು ಮತ್ತೆ ಕೂರಿಸಿದರು. ಅದೇ ಮರಳಿನ ಚೀಲ, ಅದೇ ಅರವತ್ತಾರು ಕಿಲೋ ಬಿಲ್ಲೆ. ಬಿಟ್ಟರು. ಐದು ಸೆಕೆಂಡು.

ಸ್ಟಾಪ್‌ವಾಚು ನೋಡುತ್ತಾ ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಾಲ್ಕು ತಿಂಗಳು ಬೈದ ರಾಟೆ ಯಾವ ತಪ್ಪೂ ಮಾಡಿರಲಿಲ್ಲ. ಈ ಒಂದು ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕಿತ್ತು. ರಾಟೆಯನ್ನು ಅನುಮಾನಿಸಿದರೇ ಹೊರತು ಅದನ್ನು ವಿಚಾರಿಸಿರಲಿಲ್ಲ. ಆಮೇಲೆ ಮರಳಿನ ಚೀಲವನ್ನು ತಕ್ಕಡಿಯ ಮೇಲಿಟ್ಟರು. ಎಪ್ಪತ್ತೆಂಟು. ರಾಟೆ ಸರಿ, ತಕ್ಕಡಿಯೂ ಸರಿ.

ಮಧ್ಯಾಹ್ನ ಊಟಕ್ಕೆ ಕೂತಾಗ ಇದನ್ನೆಲ್ಲ ಹೆಂಡತಿಗೆ ಹೇಳಿದರು. ಆಕೆ ಅದೇ ಪಾರ್ಕಿನ ಹೊಲಿಗೆ ಕೋಣೆಯಲ್ಲಿ ವೇಷಗಳನ್ನು ನೋಡಿಕೊಳ್ಳುತ್ತಿದ್ದವರು. ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ಗಂಡನ ಮುಖ ನೋಡಿದರು.

"ನಿಮಗೆ ಗೊತ್ತಿಲ್ವಾ? ಅವನ ನಿಲುವಂಗಿ ನಾಲ್ಕು ಸಲ ಹಿಡಿದು ಹೊಲಿದಿದ್ದೀನಿ. ಸೊಂಟದ ಸುತ್ತ ಈಗ ಇರೋದು ಹತ್ತಿ, ಅವನಲ್ಲ."

"ಬೆಳಗ್ಗೆ ದಿನಾ ಎಪ್ಪತ್ತೆಂಟು ತೋರಿಸುತ್ತೆ."

"ನೀವೇ ಹೊಟ್ಟೆಗೆ ಹಾಕ್ಕೊಂಡು ಎಪ್ಪತ್ತೆಂಟು ಅಂತ ಬರೀತಿದ್ದೀರಿ ಅಂದ್ಕೊಂಡಿದ್ದೆ. ಅವನೂ ಹಾಗೇ ಅಂದ್ಕೊಂಡಿದ್ದಾನೆ. ಅಣ್ಣ ನನ್ನ ಕೈ ಬಿಡಲಿಲ್ಲ ಅತ್ತಿಗೆ, ಬಿಲ್ಲೆನೂ ಸದ್ದಿಲ್ಲದೆ ಇಳಿಸಿದ್ರು ಅಂತ ಕಣ್ಣಲ್ಲಿ ನೀರು ತಂದ್ಕೊಂಡ."

ತಾವು ಮಾಡದ ದಯೆಗೆ ಕೃತಜ್ಞತೆ ಪಡೆದವರಂತೆ ತಕ್ಕಡಿಯಣ್ಣ ತಟ್ಟೆ ನೋಡುತ್ತಾ ಕುಳಿತರು. ರಾಟೆ ಸರಿ, ತಕ್ಕಡಿ ಸರಿ. ಉಳಿದದ್ದು ತೂಗುವ ರೀತಿ ಒಂದೇ.

ಮಂಗಳವಾರ ಬೆಳಗ್ಗೆ ಎಂದಿನಂತೆ ಓಣಿಯಲ್ಲಿ ಇಬ್ಬರೂ ಬಂದರು. ಕತ್ತಲರಾಯ ಹಲಗೆ ಹತ್ತಿದ. ಅವನ ಬೆನ್ನಿಗೆ ಅಂಟಿಕೊಂಡಂತೆ ಸಿಡಿಲವೀರ ನಿಂತ. ಮಾತಾಡದವರು ಇಷ್ಟು ಹತ್ತಿರ ಯಾಕೆ ನಿಲ್ಲುತ್ತಾರೆ ಎಂದು ತಕ್ಕಡಿಯಣ್ಣನಿಗೆ ಈವರೆಗೆ ಅನಿಸಿರಲಿಲ್ಲ. ಅವಸರ ಅಂದುಕೊಂಡಿದ್ದರು. ಗುಂಡನ್ನು ಎಪ್ಪತ್ತೆಂಟಕ್ಕೆ ತಂದಿಟ್ಟರು. ದಂಡದ ತುದಿ ಮೆಲ್ಲಗೆ ಎದ್ದು ನಡುವಿಗೆ ಬಂದು ನಿಂತಿತು. ಅವರು ದಂಡ ನೋಡಲಿಲ್ಲ. ಬಗ್ಗಿ ಕೆಳಗೆ ನೋಡಿದರು.

ಹಲಗೆಯ ಹಿಂಬದಿಯ ಅಂಚಿನಲ್ಲಿ, ಎರಡು ಕಪ್ಪು ಬೂಟುಗಳ ಹಿಂದೆ, ಒಂದು ಹಳದಿ ಬೂಟಿನ ತುದಿ ಇತ್ತು.

ಅವರಿಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಹಿಂದಿನ ಅಂಕಿ ನೋಡುವ ಗೋಜಿಗೇ ಹೋಗದೆ ಗುಂಡನ್ನು ಸೊನ್ನೆಯಿಂದ ಜಾರಿಸುವ ಸೋಮಾರಿ ಮನುಷ್ಯನೊಬ್ಬ ತೂಗುತ್ತಿದ್ದರೆ ಈ ಮೋಸ ಒಂದು ದಿನವೂ ನಡೆಯುತ್ತಿರಲಿಲ್ಲ. ಎಷ್ಟು ಒತ್ತಬೇಕೆಂದು ಒತ್ತುವವನಿಗೆ ತಿಳಿಯುತ್ತಿರಲಿಲ್ಲ. ನಿನ್ನೆಯ ಅಂಕಿಯಿಂದಲೇ ಶುರು ಮಾಡುವ ತಮ್ಮ ಶಿಸ್ತೇ ಅವನಿಗೆ ಗುರುತು ಹಾಕಿಕೊಟ್ಟಿತ್ತು. ದಂಡ ನಡುವಿಗೆ ಬರುವಷ್ಟು ಒತ್ತಿದರೆ ಸಾಕು.

"ಕಾಲು ತೆಗಿ" ಎಂದರು.

ಸಿಡಿಲವೀರ ಛಾವಣಿ ನೋಡಿದ. ಆಮೇಲೆ ತೆಗೆದ. ದಂಡ ಟಕ್ಕನೆ ಬಿತ್ತು. ತಕ್ಕಡಿಯಣ್ಣ ಗುಂಡನ್ನು ಹಿಂದಕ್ಕೆ ಜಾರಿಸುತ್ತಾ ಹೋದರು. ಎಪ್ಪತ್ತೈದು, ಎಪ್ಪತ್ತೆರಡು, ಎಪ್ಪತ್ತು. ಅರವತ್ತೇಳಕ್ಕೆ ದಂಡ ಎದ್ದು ನಿಂತಿತು.

ಕತ್ತಲರಾಯ ತಿರುಗಿ ಹಳದಿ ಬೂಟು ನೋಡಿದ, ಅದರ ಒಡೆಯನ ಮುಖ ನೋಡಿದ, ಕೊನೆಗೆ ತಕ್ಕಡಿಯಣ್ಣನನ್ನು ನೋಡಿದ.

"ಅಂದ್ರೆ ನೀವಲ್ವಾ ಅಣ್ಣ?"

"ನಾನಲ್ಲಪ್ಪ."

"ಅಣ್ಣ, ಅವನಿಗೆ ಹೇಳಿ" ಎಂದ ಸಿಡಿಲವೀರ, "ನನ್ನನ್ನ ಹಾಗೆ ನೋಡಬಾರ್ದು ಅಂತ."

"ನನಗೇ ಹೇಳೋ" ಎಂದ ಕತ್ತಲರಾಯ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಯಾಕೆ ಮಾಡಿದೆ?"

"ನೀನು ಹೋದ್ರೆ ಯಾವನೋ ಹೊಸಬನ್ನ ತರ್ತಾರೆ. ಅವನ ದವಡೆ ಎಲ್ಲಿರುತ್ತೆ, ಯಾವಾಗ ತಲೆ ತಿರುಗಿಸ್ತಾನೆ, ನನಗೇನು ಗೊತ್ತು? ನಿನಗಾದ್ರೆ ಕಣ್ಣು ಮುಚ್ಚಿ ಗುದ್ದಬಹುದು."

"ಕಣ್ಣು ಮುಚ್ಚಿ ಗುದ್ದಿದ್ದಕ್ಕೇ ನನ್ನ ಹಲ್ಲು ಹೋಗಿದ್ದು."

ಸಿಡಿಲವೀರ ತಕ್ಕಡಿಯಣ್ಣನ ಕಡೆ ತಿರುಗಿದ. ಪುಸ್ತಕದಲ್ಲಿ ಎಪ್ಪತ್ತೆಂಟೇ ಇರಲಿ, ಬಿಲ್ಲೆ ಮಾತ್ರ ಅರವತ್ತೇಳಕ್ಕೆ ಸರಿಯಾಗಿ ಹಾಕಿ, ಯಾರಿಗೆ ಏನು ತೊಂದರೆ ಎಂದ. ಸೀಸನ್ನು ಮುಗಿಯಲು ಇನ್ನು ಎಂಟೇ ವಾರ. ಅದು ಮುಗಿಯುವವರೆಗೆ ರಾಯ ಹಗ್ಗದ ಮೇಲಿರಲಿ. ಆ ಹಗ್ಗ ಬಿಟ್ಟರೆ ಅವನಿಗೆ ಇನ್ನೇನಿದೆ? ಒಂದು ಬಾಡಿಗೆ ಕೋಣೆ, ಒಂದು ರೇಡಿಯೋ. ಇಷ್ಟು ವಿವರ ಅವನಿಗೆ ಹೇಗೆ ಗೊತ್ತು ಎಂದು ರಾಯ ಬೆರಗಾಗಿ ನೋಡುತ್ತಿದ್ದ.

ಲೆಕ್ಕ ತಪ್ಪಿರಲಿಲ್ಲ. ಬಿಲ್ಲೆ ಸರಿ ಹಾಕಿದರೆ ಅರವತ್ತೇಳು ಕಿಲೋದವನೂ ಐದು ಸೆಕೆಂಡಿಗೇ ಇಳಿಯುತ್ತಾನೆ. ತಕ್ಕಡಿಯಣ್ಣ ಪೆನ್ಸಿಲು ಹಿಡಿದು ನಿಂತರು. ಆದರೆ ಅವರ ತಲೆಯಲ್ಲಿ ಇನ್ನೊಂದು ಲೆಕ್ಕ ನಡೆದಿತ್ತು. ಇಪ್ಪತ್ತೊಂದು ವಾರಕ್ಕೆ ಹನ್ನೊಂದು ಕಿಲೋ. ಎಂಟು ವಾರಕ್ಕೆ ಇನ್ನು ನಾಲ್ಕು.

"ಹನ್ನೊಂದು ಕಿಲೋ ಎಲ್ಲಿ ಹೋಯ್ತು?" ಎಂದು ಕೇಳಿದರು.

ಕತ್ತಲರಾಯ ಹಲಗೆಯಿಂದ ಇಳಿಯದೆ ಹೇಳಿದ. "ಊಟ ಇಳಿಯಲ್ಲ ಅಣ್ಣ. ಎದೆ ಹತ್ರ ನಿಂತುಬಿಡುತ್ತೆ. ಈಗ ಗಂಜಿನೂ ಕಷ್ಟ."

"ಡಾಕ್ಟರ ಹತ್ರ?"

"ಹೋದ್ರೆ ಹೇಳಿಬಿಡ್ತಾರಲ್ಲ."

ಹೊರಗೆ ಯಾರೋ ರಂಗ ಗುಡಿಸುತ್ತಿದ್ದ ಸದ್ದು ಬರುತ್ತಿತ್ತು.

"ಬರೀಬೇಡಿ ಅಣ್ಣ" ಎಂದ ಕತ್ತಲರಾಯ. "ಎಂಟು ವಾರ. ಆಮೇಲೆ ನೀವು ಹೇಳಿದ ಕಡೆ ಬರ್ತೀನಿ."

ತಕ್ಕಡಿಯಣ್ಣ ಬರೆದರು. ಅರವತ್ತೇಳು. ಅದರ ಕೆಳಗೆ ಸಹಿ. ಅವರ ಅಕ್ಷರ ಎಂದಿನಷ್ಟೇ ಸಣ್ಣಗಿತ್ತು. ಸಿಡಿಲವೀರ ಗೋಡೆಗೆ ಗುದ್ದಿ ಹೊರಟುಹೋದ. ಆ ಗುದ್ದು ನಿಜವಾದದ್ದು. ನಾಲ್ಕು ದಿನ ಅವನ ಬೆರಳು ಊದಿತ್ತು.

ಅಂದೇ ಮಧ್ಯಾಹ್ನ ಮ್ಯಾನೇಜರು ನಿಯಮದಂತೆ ಕತ್ತಲರಾಯನನ್ನು ಹಗ್ಗದಿಂದ ಬಿಡಿಸಿ ಡಾಕ್ಟರಿಗೆ ಚೀಟಿ ಕೊಟ್ಟರು. ಆಸ್ಪತ್ರೆಗೆ ಅವನ ಜೊತೆ ಹೋದವನು ಸಿಡಿಲವೀರ. ತಕ್ಕಡಿಯಣ್ಣನೂ ಹೊರಟಿದ್ದರು. ಗೇಟಿನ ಬಳಿ ವೀರ ಅಡ್ಡ ನಿಂತು, ನೀವು ಮಾಡಬೇಕಾದ್ದು ಮಾಡಿ ಆಯ್ತಲ್ಲ ಎಂದ. ಅನ್ನನಾಳದ ಕೆಳತುದಿಯಲ್ಲಿ ಗಡ್ಡೆ ಇತ್ತು. ಹನ್ನೆರಡು ದಿನಕ್ಕೆ ಶಸ್ತ್ರಚಿಕಿತ್ಸೆ ಆಯಿತು. ಸಮಯಕ್ಕೆ ಬಂದಿರಿ ಎಂದೂ ಡಾಕ್ಟರು ಹೇಳಲಿಲ್ಲ, ತಡಮಾಡಿದಿರಿ ಎಂದೂ ಹೇಳಲಿಲ್ಲ. ತೂಕ ನೋಡಿಕೊಳ್ಳುತ್ತಿರಿ ಎಂದರು.

ಹೊಸ ಕತ್ತಲರಾಯನೊಬ್ಬ ಬಂದ. ಎಪ್ಪತ್ತಮೂರೂವರೆ ಕಿಲೋ. ಸಿಡಿಲವೀರ ಅವನ ದವಡೆಯಿಂದ ಒಂದಡಿ ದೂರದಲ್ಲಿ ಗುದ್ದುತ್ತಿದ್ದ. ಹಿಂದಿನ ಸಾಲಿನ ಮಕ್ಕಳಿಗೂ ಅದು ಕಾಣುತ್ತಿತ್ತು. ಆಟ ಮುಗಿದೊಡನೆ ಬಣ್ಣ ಒರೆಸಿಕೊಂಡು ಆಸ್ಪತ್ರೆಗೆ ಓಡುತ್ತಿದ್ದ. ಹನ್ನೊಂದು ವರ್ಷ ಉಳಿಸಿಟ್ಟ ಜಗಳವನ್ನೆಲ್ಲ ಇಬ್ಬರೂ ಅಲ್ಲಿ ಕೂತು ಆಡಿ ಮುಗಿಸುತ್ತಿದ್ದರಂತೆ. ಪಕ್ಕದ ಹಾಸಿಗೆಯವರು ನರ್ಸಿಗೆ ದೂರು ಕೊಟ್ಟರಂತೆ. ಈ ಸುದ್ದಿಯೆಲ್ಲ ತಕ್ಕಡಿಯಣ್ಣನಿಗೆ ಬರುತ್ತಿದ್ದುದು ಹೆಂಡತಿಯಿಂದ. ತಕ್ಕಡಿಯಣ್ಣನ ಜೊತೆ ಇಬ್ಬರೂ ಮಾತು ಬಿಟ್ಟಿದ್ದರು. ವೀರನಿಗೆ ರಾಟೆಯ ಬಗ್ಗೆ ಏನಾದರೂ ಹೇಳಬೇಕಿದ್ದರೆ, ಅವರಿಗೆ ಹೇಳಿ ಅತ್ತಿಗೆ ಎಂದು ಹೊಲಿಗೆ ಕೋಣೆಗೆ ಬಂದು ಹೇಳಿಹೋಗುತ್ತಿದ್ದ. ಇಪ್ಪತ್ತೊಂದು ವರ್ಷದಲ್ಲಿ ಅಷ್ಟು ಶಾಂತವಾದ ಓಣಿಯನ್ನು ತಕ್ಕಡಿಯಣ್ಣ ಕಂಡಿರಲಿಲ್ಲ. ಅವರಿಗೆ ಅದು ಹಿಡಿಸಲಿಲ್ಲ.

ಸೀಸನ್ನು ಮುಗಿದು ಎರಡು ವಾರಕ್ಕೆ, ಒಂದು ಸೋಮವಾರ, ಹಗ್ಗಗಳಿಗೆ ಎಣ್ಣೆ ಹಚ್ಚುತ್ತಿದ್ದಾಗ ಓಣಿಯಲ್ಲಿ ಹೆಜ್ಜೆ ಸದ್ದಾಯಿತು. ಮುಂದೆ ತಮ್ಮ ಹೆಂಡತಿ, ಹಿಂದೆ ಅವರಿಬ್ಬರು. ಕತ್ತಲರಾಯ ಒಂದು ಕೋಲಿನಷ್ಟಾಗಿದ್ದ. ಸ್ವಲ್ಪ ಬಾಗಿ ನಡೆಯುತ್ತಿದ್ದ. ಮೈಮೇಲೆ ಸಿಡಿಲವೀರನ ಹಳದಿ ಅಂಗಿ. ಸೊಂಟದಲ್ಲಿ ಅದು ಜೋಲುತ್ತಿತ್ತು, ಬೆನ್ನಿನಲ್ಲಿ ಮಾತ್ರ ಹೊಲಿಗೆ ಬಿಡುವಷ್ಟು ಬಿಗಿ.

"ಹಾಕಿ ನೋಡ್ತೀನಿ ಅಂತ ಹಟ" ಎಂದರು ಹೆಂಡತಿ. "ಭುಜ ಇನ್ನೂ ಎರಡಂಗುಲ ಸಾಲಲ್ಲ. ಮಾಂಸ ಕರಗುತ್ತೆ, ಮೂಳೆ ಕರಗುತ್ತಾ?"

"ಅವರಿಗೆ ಹೇಳಿ ಅತ್ತಿಗೆ" ಎಂದ ಕತ್ತಲರಾಯ, ಗೋಡೆ ನೋಡುತ್ತಾ. "ಡಾಕ್ಟರು ವಾರಾ ವಾರಾ ತೂಕ ಕೇಳ್ತಾರೆ. ಆಸ್ಪತ್ರೆ ತಕ್ಕಡಿ ಒಂದೊಂದು ಸಲ ಒಂದೊಂದು ಹೇಳುತ್ತೆ. ಹೋದ ವಾರ ಅಲ್ಲಿ ಐವತ್ತೆಂಟೂವರೆ."

ತಕ್ಕಡಿಯಣ್ಣ ಕೈ ಒರೆಸಿಕೊಂಡು ಬಂದರು. ಹಲಗೆಯ ಧೂಳು ಹೊಡೆದರು. ಕತ್ತಲರಾಯ ಹಳದಿ ಅಂಗಿ ಕಳಚಿ ಅದರ ಒಡೆಯನಿಗೆ ಕೊಟ್ಟು, ಗೋಡೆ ಹಿಡಿದು ಹತ್ತಿದ. ಸಿಡಿಲವೀರ ಯಾರೂ ಹೇಳದೆಯೇ ಮೂರು ಹೆಜ್ಜೆ ಹಿಂದೆ ಸರಿದು, ಎರಡೂ ಪಾದ ಜೋಡಿಸಿ, ತಕ್ಕಡಿಯಣ್ಣನಿಗೆ ಕಾಣುವಂತೆ ನಿಂತ.

ಅವರು ಗುಂಡನ್ನು ಸೊನ್ನೆಯಿಂದ ಜಾರಿಸಿದರು. ಐವತ್ತು. ಐವತ್ತೈದು. ಐವತ್ತೆಂಟರ ಬಳಿ ಬೆರಳು ನಿಧಾನವಾಯಿತು. ಐವತ್ತೆಂಟೂವರೆ ದಾಟಿದರೂ ದಂಡದ ತುದಿ ಮೇಲೇ ಇತ್ತು. ಇನ್ನೊಂದು ಗೆರೆ, ಇನ್ನೊಂದು. ತುದಿ ಇಳಿಯಿತು, ಏರಿತು, ಮತ್ತೆ ಇಳಿಯಿತು. ಅದು ಪೂರ್ತಿ ನಿಲ್ಲುವವರೆಗೆ ಅವರು ಕಾದರು. ಕನ್ನಡಕದ ಗಾಜು ಮಂಜಾಗಿತ್ತು. ಒರೆಸಿಕೊಂಡು ಮತ್ತೆ ನೋಡಿದರು.

"ಐವತ್ತೆಂಟು ಕಿಲೋ ಎಂಟುನೂರು."

ಮುನ್ನೂರು ಗ್ರಾಂ ಎಂದರೆ ಒಂದು ದೊಡ್ಡ ಲೋಟ ನೀರು ಕುಡಿದರೂ ಬರುವ ವ್ಯತ್ಯಾಸ. ಎರಡು ಬೇರೆ ಬೇರೆ ತಕ್ಕಡಿಗಳ ನಡುವೆ ಅದಕ್ಕೆ ಅರ್ಥವೇ ಇಲ್ಲ. ತಕ್ಕಡಿಯಣ್ಣನಿಗೆ ಅದು ಗೊತ್ತಿತ್ತು. ಆದರೂ ಅವರು ಜೇಬಿನಲ್ಲಿ ಪೆನ್ಸಿಲು ಹುಡುಕಿದರು.

ಹಲಗೆಯ ಮೇಲಿದ್ದವನು ಅಂದು ಮೊದಲ ಸಲ ಅವರ ಮುಖ ನೋಡಿದ.

"ಬರ್ಕೊಳ್ಳಿ ಅಣ್ಣ" ಎಂದ. "ಮುಂದಿನ ಸೋಮವಾರ ಈ ಅಂಕಿಯಿಂದಲೇ ನೋಡೋಣ."